ತಂದೆ ತೀರಿಕೊಂಡು ತಾಯಿಯ ಸುಳಿವಿಲ್ಲದ ಹುಡುಗಿಗೆ ಅನಾಥ ಬಂಧು ವೀಸಾ ಸಿಗುವುದೇ?

ಪ್ರಶ್ನೆ: ಮೇಡಂ, ನಾನು ಹಲವು ವರ್ಷಗಳಿಂದ ಆಸ್ಟ್ರೇಲಿಯಾದ ಕಾಯಂ ನಿವಾಸಿ. ನನ್ನ ಅಣ್ಣ ತೀರಿಕೊಂಡಿದ್ದಾರೆ. ಅತ್ತಿಗೆ ಅದಕ್ಕೂ ಮುಂಚೆಯೇ ಮನೆ ಬಿಟ್ಟು ಹೋಗಿದ್ದು, ಈಗ ಎಲ್ಲಿದ್ದಾರೆಂದು ಯಾರಿಗೂ ತಿಳಿದಿಲ್ಲ. ಅವರ 16 ವರ್ಷದ ಮಗಳು ನನ್ನ ವೃದ್ಧ ತಾಯಿಯ ಬಳಿ ಇದ್ದಾಳೆ. ಅವಳನ್ನು ಅನಾಥೆಯೆಂದು ಪರಿಗಣಿಸುತ್ತಾರೆಯೇ? ವಿಸಿಟರ್ ವೀಸಾದಲ್ಲಿ ಕರೆಸಿಕೊಂಡು ಇಲ್ಲಿಂದಲೇ ಅರ್ಜಿ ಹಾಕಬಹುದೇ?

ಉತ್ತರ: ಪರಿಗಣಿಸುವ ಅವಕಾಶವಿದೆ. ಆಸ್ಟ್ರೇಲಿಯಾದ ಅನಾಥ ಬಂಧು ವೀಸಾದ (ಸಬ್‌ಕ್ಲಾಸ್ 117) ನಿಯಮದಂತೆ ತಂದೆ ತಾಯಿ ಇಬ್ಬರೂ ಮೃತಪಟ್ಟಿರಲೇಬೇಕೆಂದಿಲ್ಲ. ಇಬ್ಬರಲ್ಲಿ ಪ್ರತಿಯೊಬ್ಬರೂ ಮೃತರಾಗಿರಬೇಕು, ಇಲ್ಲವೇ ಶಾಶ್ವತವಾಗಿ ಅಶಕ್ತರಾಗಿರಬೇಕು, ಇಲ್ಲವೇ ಎಲ್ಲಿದ್ದಾರೆಂದೇ ತಿಳಿಯದಂತಿರಬೇಕು, ಆ ಕಾರಣದಿಂದ ಮಗುವನ್ನು ನೋಡಿಕೊಳ್ಳಲು ಅವರಿಂದ ಆಗದಿರಬೇಕು. ಅಣ್ಣನ ವಿಷಯಕ್ಕೆ ಮರಣ ಪ್ರಮಾಣಪತ್ರ ಸಾಕು. ಕಷ್ಟವಿರುವುದು ಅತ್ತಿಗೆಯವರ ವಿಷಯದಲ್ಲಿ. ಮಾತುಕತೆ ನಿಂತುಹೋಗಿದೆ ಎಂಬುದಕ್ಕೂ ಪತ್ತೆಯಿಲ್ಲ ಎಂಬುದಕ್ಕೂ ಅಧಿಕಾರಿಗಳು ವ್ಯತ್ಯಾಸ ಮಾಡುತ್ತಾರೆ. ಆದ್ದರಿಂದ ಅವರ ಕೊನೆಯ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳುಹಿಸಿ, ಅದು ಹಿಂದಿರುಗಿದರೆ ಲಕೋಟೆಯನ್ನು ತೆರೆಯದೆ ಇಟ್ಟುಕೊಳ್ಳಿ. ಅವರ ತವರಿನವರನ್ನು ವಿಚಾರಿಸಿ, ಯಾರನ್ನು ಯಾವ ದಿನ ಕೇಳಿದಿರಿ, ಏನು ಉತ್ತರ ಬಂತು ಎಂಬುದನ್ನು ಬರೆದಿಡಿ. ಪೊಲೀಸ್ ದೂರು ಈವರೆಗೆ ಕೊಟ್ಟಿಲ್ಲವಾದರೆ ಈಗ ಕೊಡಿ. ಹುಡುಕಿದಾಗ ಅವರು ಸಿಕ್ಕಿಬಿಟ್ಟರೆ ಈ ವೀಸಾದ ದಾರಿ ಮುಚ್ಚಬಹುದು. ಹಾಗೆಂದು ಹುಡುಕದಿರುವುದು ತಪ್ಪು, ಏಕೆಂದರೆ ಆ ಹುಡುಗಿಗೆ ತಾಯಿ ಸಿಗುವುದು ವೀಸಾಕ್ಕಿಂತ ದೊಡ್ಡ ವಿಷಯ.

ಅರ್ಜಿ ಅವಳಿಗೆ 18 ತುಂಬುವ ಮೊದಲೇ ಸಲ್ಲಿಕೆಯಾಗಬೇಕು. ವರ್ಷಕ್ಕೆ ಕೊಡುವ ವೀಸಾಗಳ ಸಂಖ್ಯೆಗೆ ಮಿತಿಯಿರುವುದರಿಂದ ಸರದಿ ವರ್ಷಗಟ್ಟಲೆ ಎಳೆಯುತ್ತದೆ. ಆ ನಡುವೆ 18 ತುಂಬಿದ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಆದರೆ ಅವಳು ಅವಿವಾಹಿತಳಾಗಿಯೇ ಇರಬೇಕು.

ವಿಸಿಟರ್ ವೀಸಾದ ಆಲೋಚನೆಯನ್ನು ದಯವಿಟ್ಟು ಬಿಡಿ. ಆಸ್ಟ್ರೇಲಿಯಾದೊಳಗಿಂದಲೇ ಅರ್ಜಿ ಹಾಕುವ ಅನಾಥ ಬಂಧು ವೀಸಾ (ಸಬ್‌ಕ್ಲಾಸ್ 837) ಇದೆಯಾದರೂ, ನೆಲೆಸುವ ಉದ್ದೇಶ ಮುಚ್ಚಿಟ್ಟು ಪ್ರವಾಸಿಯೆಂದು ಕರೆತರುವುದು ಸುಳ್ಳು ಹೇಳಿಕೆಯಾಗುತ್ತದೆ. ಜೊತೆಗೆ ವಿಸಿಟರ್ ವೀಸಾಕ್ಕೆ 8503 ಷರತ್ತು (ಅವಧಿ ಮೀರಿ ಉಳಿಯಲು ಇಲ್ಲಿಂದ ಬೇರೆ ವೀಸಾ ಕೇಳುವಂತಿಲ್ಲ ಎಂಬುದು) ಹಾಕಿದ್ದರೆ ಇಲ್ಲಿಂದ ಅರ್ಜಿ ಹಾಕಲೂ ಆಗುವುದಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನಾನು ಕೆನಡಾದಲ್ಲಿದ್ದೇನೆ. ನನ್ನ ಅಕ್ಕ ತೀರಿಕೊಂಡರು. ಭಾವ ಮರುಮದುವೆಯಾಗಿ ಮಗನನ್ನು ಸಂಪೂರ್ಣ ಕೈಬಿಟ್ಟಿದ್ದಾರೆ. ನಮಗೂ ಇದೇ ನಿಯಮ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. ಕೆನಡಾದ ನಿಯಮ ಹೆಚ್ಚು ಬಿಗಿಯಾಗಿದೆ. ಅಲ್ಲಿ ಒಡಹುಟ್ಟಿದವರು, ಒಡಹುಟ್ಟಿದವರ ಮಕ್ಕಳು ಅಥವಾ ಸ್ವಂತ ಮೊಮ್ಮಕ್ಕಳು 18 ವರ್ಷದೊಳಗಿನ ಅವಿವಾಹಿತರಾಗಿದ್ದು, ತಂದೆ ತಾಯಿ ಇಬ್ಬರೂ ನಿಧನರಾಗಿದ್ದರೆ ಮಾತ್ರ ಪ್ರಾಯೋಜಿಸಬಹುದು. ಒಬ್ಬರು ಬದುಕಿದ್ದು ಕೈಬಿಟ್ಟಿದ್ದರೂ, ಜೈಲಿನಲ್ಲಿದ್ದರೂ, ಎಲ್ಲಿದ್ದಾರೆಂದು ತಿಳಿಯದಿದ್ದರೂ ಆ ಮಗು ಈ ವರ್ಗಕ್ಕೆ ಸೇರುವುದಿಲ್ಲ. ನಿಮಗೆ ಸಂಗಾತಿ, ಮಕ್ಕಳು, ತಂದೆ ತಾಯಿ ಮುಂತಾದ ಹತ್ತಿರದವರು ಯಾರೂ ಇಲ್ಲದಿದ್ದರೆ ರಕ್ತಸಂಬಂಧಿಯೊಬ್ಬರನ್ನು ಕರೆಸಿಕೊಳ್ಳುವ ಪ್ರತ್ಯೇಕ ಅವಕಾಶವಿದೆ. ಅದು ನಿಮಗೆ ಹೊಂದುತ್ತದೆಯೇ ನೋಡಿ. ದತ್ತು ಪಡೆಯುವುದಾದರೆ ಎರಡೂ ದೇಶಗಳ ಕಾನೂನು ಪಾಲಿಸಬೇಕು, ಮತ್ತು ಕೇವಲ ವಲಸೆಗಾಗಿ ಮಾಡಿದ ದತ್ತು ತಿರಸ್ಕೃತವಾಗುತ್ತದೆ.