ಕಾನ್ವೆಂಟ್ ಸೇರಿ ಸಿಸ್ಟರ್ (ಸನ್ಯಾಸಿನಿ) ಆಗಬೇಕು ಅನ್ನಿಸುತ್ತಿದೆ, ಇದು ದೇವರ ಕರೆಯಾ?

ಪ್ರಶ್ನೆ: ನಾನು ಮಂಗಳೂರಿನ ಕಥೋಲಿಕ ಹುಡುಗಿ, ನರ್ಸಿಂಗ್ ಕೊನೆಯ ವರ್ಷ. ಯಾರೂ ಇಲ್ಲದ ರೋಗಿಗಳ ಜೊತೆಗೇ ಇರಬೇಕು ಅಂತ ಮನಸ್ಸು ಎಳೆಯುತ್ತಿದೆ. ಅಮ್ಮ ಅಳುತ್ತಾರೆ. ಇದು ಕರೆಯಾ, ಸುಮ್ನೆ ನನ್ನ ಆಸೆಯಾ?

ಉತ್ತರ: ಅವಸರ ಬೇಡ ತಂಗಿ. ಮದರ್ ತೆರೇಸಾ ಅವರಿಗೆ ಕಾನ್ವೆಂಟ್ ಬಿಟ್ಟು ಬಡವರ ನಡುವೆ ಸೇವೆ ಮಾಡು ಅನ್ನುವ ಕರೆ ಡಾರ್ಜಿಲಿಂಗ್ ರೈಲಿನಲ್ಲಿ ಬಂದದ್ದು 1946ರಲ್ಲಿ, ಆದರೆ ಅನುಮತಿ ಸಿಕ್ಕಿ ತಾವಿದ್ದ ಲೊರೆಟೊ ಕಾನ್ವೆಂಟ್ ಬಿಟ್ಟದ್ದು 1948ರಲ್ಲಿ, ಆಮೇಲೂ ಮೊದಲು ಪಟ್ನಾಕ್ಕೆ ಹೋಗಿ ರೋಗಿಗಳ ಆರೈಕೆ ಕಲಿತರು. ನೀನೂ ಕೋರ್ಸ್ ಮುಗಿಸು.

ಉತ್ತರ: ಮದುವೆಯಾಗಿಯೂ ಸೇವೆ ಮಾಡಬಹುದು ಅಲ್ವಾ? ಅದೂ ಕರೆಯೇ.

ಉತ್ತರ: ನಾನು ಸಿಸ್ಟರ್. ಸೇರಿದ ದಿನವೇ ಬಾಗಿಲು ಮುಚ್ಚುವುದಿಲ್ಲಮ್ಮ, ನೊವಿಶಿಯೇಟ್ (ಸಿಸ್ಟರ್ ಆಗುವ ಮೊದಲಿನ ತರಬೇತಿ), ಮೊದಲ ವ್ರತ ಎಲ್ಲ ದಾಟಿ ಕೊನೆಯ ವ್ರತಕ್ಕೆ ವರ್ಷಗಳೇ ಬೇಕು, ನಡುವೆ ಮನೆಗೆ ಮರಳಿದವರೂ ಇದ್ದಾರೆ. ರಜೆಯಲ್ಲಿ ಕಾನ್ವೆಂಟಿಗೆ ಬಾ, ಅಮ್ಮನನ್ನೂ ಕರೆದುಕೊಂಡು ಬಾ.