ಮಾತ್ರೆ ನಿಲ್ಲಿಸಿದ ಮೇಲೆ ಮಗಳಿಗೆ ಮುಂದೇನು?

ಗಂಗಾವತಿ ಅಪ್ಪ:
ಮಗಳಿಗೆ ಈಗ 8 ವರ್ಷ. ಐದರಲ್ಲಿ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯಿತು, ಎಎಲ್ಎಲ್. ಬೆಂಗಳೂರಿನಲ್ಲಿ ಎರಡೂವರೆ ವರ್ಷ ಟ್ರೀಟ್‌ಮೆಂಟ್. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ದು ಲೆಕ್ಕವಿಲ್ಲ. ಹೋದ ತಿಂಗಳು ಕ್ಯಾನ್ಸರಿನ 6ಎಂಪಿ ಮಾತ್ರೆ ಕೊನೇದು ನುಂಗಿದಳು. ಮನೆಯಲ್ಲಿ ಹೋಳಿಗೆ ಮಾಡಿದರು. ನನಗೆ ಆವತ್ತಿನಿಂದ ನಿದ್ದೆ ಇಲ್ಲ. ಮಾತ್ರೆ ಕೊಡುವಾಗ ಏನೋ ಮಾಡುತ್ತಿದ್ದೇವೆ ಅನ್ನುವ ಧೈರ್ಯ ಇತ್ತು. ಈಗ ರಾತ್ರಿ ಎದ್ದು ಹಣೆ ಮುಟ್ಟಿ ನೋಡುತ್ತೇನೆ. ಮತ್ತೆ ಬರುತ್ತಾ? ದೊಡ್ಡವಳಾದ ಮೇಲೆ ತೊಂದರೆ ಉಳಿಯುತ್ತಾ? ಮೂರು ವರ್ಷದಿಂದ ಕೊಪ್ಪಳದ ಗವಿಮಠ ಜಾತ್ರೆಯ ತೇರು ನೋಡಿಲ್ಲ, ಈ ಸಲ ಹೋಗಲೇಬೇಕು ಅಂತ ಹಟ. ಇದನ್ನು ದಾಟಿದವರು ಇದ್ದರೆ ಹೇಳಿ.

ಲಿಂಗಸುಗೂರು ಟೀಚರ್:
ಅಣ್ಣಾ, ನಾನು ದಾಟಿದವಳು. ಆರನೇ ವಯಸ್ಸಿನಲ್ಲಿ ಅದೇ ಕಾಯಿಲೆ, ಈಗ 27.

ಮತ್ತೆ ಬರುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ ಬರುತ್ತದೆ. ಅದಕ್ಕೇ ಈಗಿನ ಫಾಲೋಅಪ್ ಒಂದನ್ನೂ ತಪ್ಪಿಸಬೇಡಿ, ಭತ್ತದ ನಾಟಿ ನಡೆಯುತ್ತಿದ್ದರೂ. ಶ್ರೀಮಂತ ದೇಶಗಳಲ್ಲಿ ಈಗ 10ರಲ್ಲಿ ಸುಮಾರು 9 ಮಕ್ಕಳು ಕಾಯಿಲೆ ಗೊತ್ತಾದ ಮೇಲೆ 5 ವರ್ಷ ದಾಟುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಅದಕ್ಕೆ ಒಂದು ಕಾರಣ, ದುಡ್ಡಿಲ್ಲದೆ, ದೂರವಾಗಿ ಅರ್ಧಕ್ಕೇ ಬಿಡುವುದು. ನೀವು ಬಿಡಲಿಲ್ಲ ಅಲ್ವಾ? ಅದು ಸಣ್ಣ ಮಾತಲ್ಲ.

ಉಳಿಯುವ ತೊಂದರೆ ಯಾವ ಔಷಧ ಎಷ್ಟು ಕೊಟ್ಟರು ಅನ್ನುವುದರ ಮೇಲೆ. ಡಾಕ್ಸೊರುಬಿಸಿನ್ ಅಂತ ಕೆಂಪು ಔಷಧ ಇರುತ್ತದೆ. ಜಾಸ್ತಿ ಹೋಗಿದ್ದರೆ ಎಷ್ಟೋ ವರ್ಷದ ಮೇಲೂ ಹೃದಯ ಸೋಲಬಹುದು, ಆಗಾಗ ಎಕೋ ಅಂತ ಹೃದಯದ ಸ್ಕ್ಯಾನ್ ಮಾಡಿಸಬೇಕು. ಸ್ಟೆರಾಯ್ಡ್‌ನಿಂದ ಸೊಂಟದ ಕೀಲಿನ ಮೂಳೆ ಹಾಳಾಗಬಹುದು, ಕುಂಟಿದರೆ ಸುಮ್ನೆ ಬಿಡಬೇಡಿ. ನನಗೆ ತಲೆಗೆ ರೇಡಿಯೇಷನ್ ಕೊಟ್ಟಿದ್ದರು. ಎತ್ತರ ಬೆಳೆಯಲಿಲ್ಲ. ಮಗ್ಗಿ ಎಷ್ಟು ಬಾಯಿಪಾಠ ಮಾಡಿದರೂ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಎಲ್ಲರ ಮುಂದೆ ದಡ್ಡಿ ಅಂದರು. ಕಾರಣ ಇದೇ ಅಂತ ನಮ್ಮ ಮನೆಯಲ್ಲೂ ಗೊತ್ತಿರಲಿಲ್ಲ. ಈಗ ಹೆಚ್ಚಿನ ಮಕ್ಕಳಿಗೆ ಅದರ ಬದಲು ಬೆನ್ನಿನ ಇಂಜೆಕ್ಷನ್ನೇ ಸಾಕಾಗುತ್ತದೆ. ಆದರೂ ಕೆಲವರು ಓದಿನಲ್ಲಿ ನಿಧಾನ ಆಗುತ್ತಾರೆ.

ಒಂದು ಕೆಲಸ ಈಗಲೇ ಮಾಡಿ. ಕೊಟ್ಟ ಔಷಧಗಳ ಹೆಸರು, ಒಟ್ಟು ಡೋಸ್, ರೇಡಿಯೇಷನ್ ಆಗಿದೆಯೋ ಇಲ್ಲವೋ, ಎಲ್ಲ ಒಂದೇ ಕಾಗದದಲ್ಲಿ ಬರೆಸಿಕೊಳ್ಳಿ. ನನಗೆ 22 ಆದಾಗ ಡಾಕ್ಟರ್ ಅದನ್ನೇ ಕೇಳಿದರು. ಅಪ್ಪ ಅಟ್ಟದ ಮೇಲೆ ಇಟ್ಟಿದ್ದ ಫೈಲನ್ನು ಗೆದ್ದಲು ತಿಂದಿತ್ತು. ಎಷ್ಟು ಕೆಂಪು ಔಷಧ ಹೋಗಿದೆ ಅಂತ ಇವತ್ತಿಗೂ ನನಗೆ ತಿಳಿಯದು. ಫೋನಿನಲ್ಲಿ ಫೋಟೋ ಕೂಡ ಇಟ್ಟುಕೊಳ್ಳಿ.

ಬಳ್ಳಾರಿ ಸಿಸ್ಟರ್:
ಟೀಚರ್ ಹೇಳಿದ್ದು ಸರಿ. ಜಾತ್ರೆ ಬಗ್ಗೆ ಹೇಳ್ತೀನಿ. ಔಷಧ ನಿಂತ ಕೂಡಲೇ ರೋಗ ತಡೆಯುವ ಶಕ್ತಿ ವಾಪಸ್ ಬರುವುದಿಲ್ಲ, ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ಜನಸಂದಣಿಗೆ ಹೋಗಬಹುದಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಬಿಟ್ಟುಹೋದ ಲಸಿಕೆಗಳನ್ನು ಯಾವಾಗ ಹಾಕಿಸಬೇಕು ಅಂತಲೂ ಕೇಳಿ. ಹತ್ತಿರದ ಯಾರಿಗಾದರೂ ಚಿಕನ್‌ಪಾಕ್ಸ್, ದಡಾರ ಬಂದರೆ ಅವತ್ತೇ ಫೋನ್ ಮಾಡಿ. ಬಿದ್ದು ಮೊಣಕಾಲಿಗೆ ನೀಲಿ ಕಲೆಯಾದರೆ ಹೆದರಬೇಡಿ. ಬೀಳದೇ ಅಲ್ಲಲ್ಲಿ ಕಲೆ ಕಂಡರೆ, ಜ್ವರ ಬಿಡದಿದ್ದರೆ, ರಾತ್ರಿ ಮೂಳೆ ನೋವು ಅಂತ ಅತ್ತರೆ ಸಿಬಿಸಿ ರಕ್ತ ಪರೀಕ್ಷೆ ಮಾಡಿಸಿ.

ಗಂಗಾವತಿ ಅಪ್ಪ:
ಫೈಲು ಟ್ರಂಕಿನಿಂದ ತೆಗೆದೆ. ಕೆಂಪು ಔಷಧದ ಹೆಸರು ಸಿಕ್ಕಿತು, ಒಟ್ಟು ಎಷ್ಟು ಅಂತ ಬರೆದಿಲ್ಲ. ಮುಂದಿನ ಫಾಲೋಅಪ್‌ಗೆ ಕೇಳಿ ಬರೆಸುತ್ತೇನೆ. ಜಾತ್ರೆ ಮಾತೂ ಅಲ್ಲೇ ಕೇಳುತ್ತೇನೆ. ಅಕ್ಕೋರೇ, ನಿಮ್ಮ ಮಗ್ಗಿಯ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನನ್ನ ಮಗಳೂ ಕೂಡೋ ಲೆಕ್ಕಕ್ಕೆ ಬಹಳ ಹೊತ್ತು ತಗೊಳ್ಳುತ್ತಾಳೆ. ಹೋದ ವಾರ ಅದಕ್ಕೇ ಬೈದುಬಿಟ್ಟೆ. ಸೋಮವಾರ ಶಾಲೆಗೆ ನಾನೇ ಹೋಗಿ ಅವರ ಟೀಚರ್‌ಗೆ ಎಲ್ಲ ಹೇಳುತ್ತೇನೆ.