ಸಹಾಯ ಬೇಕು: ತಂದೆಯವರ ಟ್ರಂಕಿನಲ್ಲಿ ಸಿಕ್ಕ ಮೋಡಿ ಲಿಪಿಯ ದತ್ತಕ ಪತ್ರ

ತೀರಿಕೊಂಡ ತಂದೆಯವರ ಟ್ರಂಕಿನಲ್ಲಿ 1951ರ ಛಾಪಾ ಕಾಗದವೊಂದು ಸಿಕ್ಕಿದೆ. ಊರು ಧಾರವಾಡ ಜಿಲ್ಲೆ, ಆಗ ಮುಂಬೈ ರಾಜ್ಯ. ತಲೆಬರಹ ಮಾತ್ರ ಬಾಳಬೋಧದಲ್ಲಿದೆ (ದೇವನಾಗರಿ ಲಿಪಿ): ‘ದತ್ತಕ ಪತ್ರ’. ಉಳಿದದ್ದೆಲ್ಲ ಮೋಡಿ, ಅಂದರೆ ಮರಾಠಿಯ ಹಳೆಯ ಕೂಡುಬರಹದ ಲಿಪಿ. ಅವರು ದತ್ತು ಬಂದವರೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೆತ್ತವರ ಹೆಸರು, ಊರು ಗೊತ್ತಾಗಬೇಕಿದೆ.

ಮೋಡಿ ಸರಾಗವಾಗಿ ಓದುವವರು ಬೇಕು. ಅಂದಾಜಿನ ಓದು ಬೇಡ ದಯವಿಟ್ಟು. ಪದಗಳ ನಡುವೆ ಜಾಗ ಬಿಡದೆ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘ ಭೇದವಿಲ್ಲದೆ ಬರೆಯುವ ಲಿಪಿಯಾದ್ದರಿಂದ ಅಡ್ಡಹೆಸರು, ಊರಹೆಸರುಗಳೇ ಮೊದಲು ತಪ್ಪುತ್ತವೆ. ಸಾಲು ಸಾಲಾಗಿ ಲಿಪ್ಯಂತರ ಮಾಡಿ, ಅನುಮಾನವಿದ್ದಲ್ಲಿ ಪ್ರಶ್ನೆ ಚಿಹ್ನೆ ಹಾಕಿಕೊಟ್ಟರೆ ಸಾಕು.

600 ಡಿಪಿಐ ಬಣ್ಣದ ಸ್ಕ್ಯಾನ್ ಇದೆ, ಹಿಂಬದಿಯದೂ ಸೇರಿ. ನೋಂದಣಿ ಮೊಹರು ಇರುವುದು ಅಲ್ಲೇ. ಮಡಿಕೆಯಲ್ಲಿ ಕಾಗದ ಹರಿದಿದೆ. ಟೇಪು, ಲ್ಯಾಮಿನೇಷನ್ ಸಲಹೆ ಬೇಡ: ಟೇಪಿನ ಅಂಟು ವರ್ಷ ಕಳೆದಂತೆ ಕಂದು ಕಲೆಯಾಗುತ್ತದೆ, ಲ್ಯಾಮಿನೇಷನ್ ಮತ್ತೆ ಬಿಚ್ಚಲು ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಉಪನೋಂದಣಿ ಕಚೇರಿಯ ಕೆಲಸ ಬಲ್ಲವರಿಗೆ. ದತ್ತಕ ಪತ್ರ ಸಾಮಾನ್ಯವಾಗಿ ಕಚೇರಿಯ 4ನೇ ಪುಸ್ತಕದಲ್ಲಿ (ಇತರೆ ದಸ್ತಾವೇಜುಗಳ ನೋಂದಣಿ ಪುಸ್ತಕ) ದಾಖಲಾಗುತ್ತದೆ. ಆಸ್ತಿಯ 1ನೇ ಪುಸ್ತಕದಂತೆ ಅದು ಎಲ್ಲರಿಗೂ ತೆರೆದಿರುವುದಿಲ್ಲ, ಬರೆದುಕೊಟ್ಟವರು, ಹಕ್ಕುದಾರರು ಅಥವಾ ಅವರ ಪ್ರತಿನಿಧಿಗಳಿಗಷ್ಟೇ ನಕಲು. ಋಣಭಾರ ಪತ್ರ (ಇ.ಸಿ.) ಆಸ್ತಿಯ ವಹಿವಾಟಿನದಾದ್ದರಿಂದ ಅದರಲ್ಲಿ ಹುಡುಕಿ ಫಲವಿಲ್ಲ. ಮಗುವಾಗಿ ನಾನು ನಕಲು ಪಡೆಯಲು ತಂದೆಯವರ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟರೆ ಸಾಕೇ? ಮೊಹರಿನಲ್ಲಿ ದಸ್ತಾವೇಜು ಸಂಖ್ಯೆ ಅಳಿಸಿದೆ, ವರ್ಷ ಮಾತ್ರ ಓದಬಹುದು. ಹೆಸರಿನ ಸೂಚಿಯಿಂದ ಹುಡುಕಿಸಲು ಅರ್ಜಿಯಲ್ಲಿ ಏನು ಬರೆಯಬೇಕು?

ಹೆತ್ತ ಮನೆಯವರು ಈಗಲೂ ಅಲ್ಲಿರಬಹುದು. ಆದ್ದರಿಂದ ಸ್ಕ್ಯಾನ್ ಇಲ್ಲಿ ಹಾಕುವುದಿಲ್ಲ, ಓದಿಕೊಡುವವರಿಗೆ ಮಾತ್ರ ಕಳಿಸುತ್ತೇನೆ.